ನೊರೆಭಕ್ತರ ಜೊತೆ ಸಂಸಾರ

ನೊರೆ ಬಂದರೆ ಮಾತ್ರ ಕೊಳೆ ಹೋಗುತ್ತದೆ ಎಂದು ನಂಬಿದವರಿಗೆ ತಿಳಿಹೇಳಲು ಯಾರಿಂದಲೂ ಆಗದು. ದೇವರ ಬಗ್ಗೆ ವಾದಿಸಬಹುದು, ದೆವ್ವದ ಬಗ್ಗೆ ವಾದಿಸಬಹುದು. ಕೊನೆಗೆ ‘ಇದ್ದರೂ ಇರಬಹುದು’ ಎಂದು ಮಾತು ಮುಗಿಸಿ ಎದ್ದು ಹೋಗಬಹುದು. ನೊರೆಯ ವಿಷಯದಲ್ಲಿ ಆ ಸೌಕರ್ಯವಿಲ್ಲ, ಏಕೆಂದರೆ ಅದು ಕಣ್ಣೆದುರಿಗೇ ಕುಳಿತಿರುತ್ತದೆ. ಬೆಳ್ಳಗೆ, ಉಬ್ಬಿಕೊಂಡು, ತನ್ನಿಂದಲೇ ಎಲ್ಲ ನಡೆಯುತ್ತಿದೆ ಎಂಬ ಠೀವಿಯಲ್ಲಿ. ನಮ್ಮ ಮನೆಯ ನೊರೆಭಕ್ತರು ನನ್ನ ಯಜಮಾನರು. ಇದನ್ನು ಬರೆಯುವ ಹೊತ್ತಿಗೆ ಬಟ್ಟೆ ಒಗೆಯುವ ಯಂತ್ರದ ಮುಂದೆ ಹಾಸಿದ ಹಳೆಯ ಹೊದಿಕೆ ಇನ್ನೂ ಒಣಗಿಲ್ಲ. ಆದ್ದರಿಂದ ಮಾತು ಅಲ್ಲಲ್ಲಿ ಖಾರವಾದರೆ ಓದುಗರು ಸಹಿಸಿಕೊಳ್ಳಬೇಕು.

ಅವರ ಭಕ್ತಿಯ ಮೂಲಸ್ಥಾನ ಅಡುಗೆಮನೆಯ ಸಿಂಕು. ಪಾತ್ರೆ ತೊಳೆಯಲು ಅವರಿಗೆ ಬೇಸರವಿಲ್ಲ, ಅದನ್ನು ಒಪ್ಪಲೇಬೇಕು. ‘ನೀನು ಹೋಗಿ ಕುಳಿತುಕೋ, ನಾನು ನೋಡಿಕೊಳ್ಳುತ್ತೇನೆ’ ಎಂದು ಅವರು ತೋಳು ಮಡಿಸಿದರೆ ಮನೆಗೆ ಬಂದವರೆಲ್ಲ ನನ್ನ ಅದೃಷ್ಟವನ್ನು ಹೊಗಳುತ್ತಾರೆ. ಹೊಗಳುವವರು ಕೊನೆಯವರೆಗೆ ನಿಂತು ನೋಡುವುದಿಲ್ಲ. ಮೊದಲು ಸ್ಪಂಜಿನ ಮೇಲೆ ಸೋಪಿನ ದ್ರವದ ಅಭಿಷೇಕ. ಆಮೇಲೆ ಹಿಂಡುವುದು, ಬಿಡುವುದು, ಹಿಂಡುವುದು. ಮೊಣಕೈವರೆಗೆ ನೊರೆ ಏರಿದ ಮೇಲೆಯೇ ಮೊದಲ ಲೋಟಕ್ಕೆ ಕೈ. ನಾಲ್ಕು ಲೋಟ, ಎರಡು ತಟ್ಟೆ ಆಗುವವರೆಗೆ ಎಲ್ಲವೂ ಸುಸೂತ್ರ. ಆಮೇಲೆ ಜಿಡ್ಡಿನ ಬಾಣಲೆ ಬರುತ್ತದೆ, ನೊರೆ ಇಳಿಯುತ್ತದೆ. ಅವರು ಕೈ ನಿಲ್ಲಿಸುತ್ತಾರೆ. ಸ್ಪಂಜನ್ನು ಬೆಳಕಿಗೆ ಹಿಡಿದು ಒತ್ತುತ್ತಾರೆ, ಇನ್ನೊಮ್ಮೆ ಒತ್ತುತ್ತಾರೆ. ನಾಡಿ ನೋಡಿ ಮುಗಿಸಿದ ವೈದ್ಯರ ಗಾಂಭೀರ್ಯದಲ್ಲಿ ಘೋಷಿಸುತ್ತಾರೆ: ‘ಸೋಪು ಸತ್ತಿತು.’

ಸತ್ತ ಸೋಪಿಗೆ ಮರುಜೀವ ಬರುವುದು ಮತ್ತಷ್ಟು ಸೋಪಿನಿಂದ. ಹೀಗೆ ಒಂದು ಸಿಂಕು ಪಾತ್ರೆಯಲ್ಲಿ ಸೋಪು ಹಲವು ಸಲ ಸತ್ತು ಹಲವು ಸಲ ಹುಟ್ಟುತ್ತದೆ. ಕೊನೆಗೆ ಪಾತ್ರೆ ಯಾವುದು, ಸಿಂಕು ಯಾವುದು ಎಂದು ಗುರುತು ಸಿಗದ ಸ್ಥಿತಿಗೆ ತಂದು ಕೈ ಒರೆಸಿಕೊಳ್ಳುತ್ತಾರೆ. ‘ಎಲ್ಲ ತೊಳೆದಿದ್ದೇನೆ, ಸ್ವಲ್ಪ ನೀರು ತೋರಿಸಿಬಿಡು.’ ಈ ‘ಸ್ವಲ್ಪ ನೀರು ತೋರಿಸುವುದು’ ಎಂದರೇನು ಎಂದು ತೋರಿಸಿದವರಿಗೇ ಗೊತ್ತು. ನಲ್ಲಿ ತಿರುಗಿಸಿದರೆ ನೊರೆ ಇಳಿಯುವುದಿಲ್ಲ, ಏಳುತ್ತದೆ. ಲೋಟದ ತಳದಿಂದ ಬರುತ್ತದೆ, ಮುಚ್ಚಳದ ಅಂಚಿನಿಂದ ಬರುತ್ತದೆ, ಚಮಚಗಳ ನಡುವೆ ಅವಿತುಕೊಂಡು ಎಲ್ಲ ಮುಗಿಯಿತು ಎಂದುಕೊಂಡಾಗ ಹೊರಗೆ ಬರುತ್ತದೆ. ಅವರು ಆ ಹೊತ್ತಿಗೆ ಸೋಫಾದ ಮೇಲೆ, ಮನೆಗೆಲಸದಲ್ಲಿ ಗಂಡಸರ ಪಾಲು ಎಂಬ ವಿಷಯದ ಮೇಲೆ ಫೋನಿನಲ್ಲಿ ಯಾರಿಗೋ ಉಪದೇಶ ಮಾಡುತ್ತಿರುತ್ತಾರೆ.

ಸೋಪಿನ ಕಣಕ್ಕೆ ಒಂದು ತಲೆ, ಒಂದು ಬಾಲ. ತಲೆಗೆ ನೀರು ಬೇಕು, ಬಾಲಕ್ಕೆ ನೀರು ಆಗದು, ಎಣ್ಣೆ ಸಿಕ್ಕರೆ ಅದನ್ನು ಹಿಡಿದುಕೊಳ್ಳುತ್ತದೆ. ಇಂಥ ನೂರಾರು ಬಾಲಗಳು ಸೇರಿ ಜಿಡ್ಡಿನ ಹನಿಯನ್ನು ಸುತ್ತುವರಿದು ನೀರಿನ ಜೊತೆ ಸಾಗಹಾಕುತ್ತವೆ. ತೊಳೆಯುವುದು ಎಂದರೆ ಇಷ್ಟೇ. ಜಿಡ್ಡು ಸಿಗದ ಬಾಲಗಳು ನೀರಿನಿಂದ ತಪ್ಪಿಸಿಕೊಳ್ಳಲು ಗಾಳಿಯ ಕಡೆಗೆ ಮುಖ ಮಾಡಿ ಸಾಲಾಗಿ ನಿಂತಾಗ ಗುಳ್ಳೆ ನಿಲ್ಲುತ್ತದೆ; ಅದೇ ನೊರೆ. ಅಂದರೆ ಕೆಲಸವಿಲ್ಲದೆ ಗಾಳಿ ಹಿಡಿದು ನಿಂತ ಸೋಪನ್ನು ನೋಡಿ ನಮ್ಮವರು ಪುಳಕಗೊಳ್ಳುತ್ತಾರೆ, ಜಿಡ್ಡಿಗೆ ಬಿದ್ದು ದುಡಿಯುತ್ತಿರುವ ಸೋಪನ್ನು ಸತ್ತಿತು ಎನ್ನುತ್ತಾರೆ. ‘ಆದರೂ ಎಷ್ಟು ಬೆಳ್ಳಗಿದೆ ನೋಡು’ ಎನ್ನುವುದು ಅವರ ಇನ್ನೊಂದು ಸಾಕ್ಷ್ಯ. ಹಸಿರು ಸೋಪಿನ ನೊರೆಯೂ ಬಿಳಿ, ಕೆಂಪು ಸೋಪಿನದೂ ಬಿಳಿ. ತೆಳ್ಳಗಿನ ಸಾವಿರಾರು ಪೊರೆಗಳಿಗೆ ಬಡಿದು ಬೆಳಕು ಚೆದುರುವುದರಿಂದ ಹಾಗೆ ಕಾಣುತ್ತದೆ. ಬಿಳುಪಿಗೂ ಶುಭ್ರತೆಗೂ ಅಲ್ಲಿ ಯಾವ ನಂಟೂ ಇಲ್ಲ.

ಇಲ್ಲಿ ಒಂದು ಗುಟ್ಟು. ಕೈಯಿಂದ ಪಾತ್ರೆ ತೊಳೆಯುವ ದ್ರವದ ಕಸುವನ್ನು ಅಳೆಯುವ ಪ್ರಯೋಗಾಲಯದ ಪರೀಕ್ಷೆಯೊಂದಿದೆ. ಜಿಡ್ಡು ಬಳಿದ ತಟ್ಟೆಗಳನ್ನು ಒಂದೊಂದಾಗಿ ತೊಳೆಯುತ್ತ ಹೋಗುತ್ತಾರೆ. ನೊರೆ ಮಾಯವಾಗುವ ಹೊತ್ತಿಗೆ ಎಷ್ಟು ತಟ್ಟೆ ಆಯಿತು ಎಂದು ಎಣಿಸುತ್ತಾರೆ. ಅಂದರೆ ‘ಸೋಪು ಸತ್ತಿತು’ ಎನ್ನುವುದರಲ್ಲಿ ಎಲ್ಲೋ ಒಂದು ಎಳೆ ವಿಜ್ಞಾನವಿದೆ. ಇದನ್ನು ನಾನು ಅವರಿಗೆ ಹೇಳಿಲ್ಲ. ಹೇಳುವ ಉದ್ದೇಶವೂ ಇಲ್ಲ.

ಶಾಂಪೂ ಬಾಟಲಿಗಳ ಬೆನ್ನ ಮೇಲೆ ಇಂಗ್ಲಿಷಿನಲ್ಲಿ ಒಂದು ಮಂತ್ರ ಇರುತ್ತಿತ್ತು: ನೊರೆ ಬರಿಸಿ, ತೊಳೆದುಕೊಳ್ಳಿ, ಮತ್ತೆ ಮಾಡಿ. ಯಾವಾಗ ನಿಲ್ಲಿಸಬೇಕು ಎಂದು ಎಲ್ಲಿಯೂ ಹೇಳದ ಕಾರಣ, ಇದನ್ನು ಅಕ್ಷರಶಃ ಪಾಲಿಸಿದವನು ಸ್ನಾನದ ಮನೆಯಿಂದ ಹೊರಗೆ ಬರಲೇ ಇಲ್ಲ ಎಂದು ಕಂಪ್ಯೂಟರ್ ಪ್ರೋಗ್ರಾಮ್ ಬರೆಯುವವರು ತಮಾಷೆ ಮಾಡುತ್ತಾರೆ. ನಮ್ಮ ಮನೆಯಲ್ಲಿ ಮಂತ್ರವನ್ನು ಪಾಲು ಮಾಡಿಕೊಂಡಿದ್ದೇವೆ. ನೊರೆ ಬರಿಸುವುದು ಅವರು, ತೊಳೆಯುವುದು ನಾನು, ಮತ್ತೆ ಮಾಡುವುದು ಇಬ್ಬರ ಹಣೆಬರಹ.

ಇಷ್ಟೇ ಆಗಿದ್ದರೆ ಬರೆಯುತ್ತಿರಲಿಲ್ಲ. ಹಳೆಯ ಯಂತ್ರ ಕೈಕೊಟ್ಟಿತು, ಹೊಸದು ಬಂದಿತು. ಹೊಸದಕ್ಕೆ ಮುಂಭಾಗದಲ್ಲಿ ದುಂಡನೆಯ ಗಾಜಿನ ಬಾಗಿಲು. ಆ ಗಾಜೇ ಮುಳುವಾಯಿತು. ಮೊದಲ ಬಟ್ಟೆ ಹಾಕಿದಾಗ ನಮ್ಮವರು ಸ್ಟೂಲು ಎಳೆದುಕೊಂಡು ಅದರ ಎದುರಿಗೆ ಕುಳಿತರು. ಅಂಗಿ ಮೇಲಕ್ಕೆ ಹೋಗುತ್ತದೆ, ಕೆಳಕ್ಕೆ ಬೀಳುತ್ತದೆ. ಟವಲು ಮೇಲಕ್ಕೆ ಹೋಗುತ್ತದೆ, ಕೆಳಕ್ಕೆ ಬೀಳುತ್ತದೆ. ಕುಳಿತವರ ಮುಖ ಬರಬರುತ್ತ ಸಣ್ಣಗಾಯಿತು.

‘ನೊರೆಯೇ ಇಲ್ಲವಲ್ಲ.’

‘ಇರಬಾರದು. ಈ ಯಂತ್ರದ ಸೋಪೇ ಹಾಗೆ.’

‘ಇರಬಾರದು ಎಂದರೆ? ಬರೀ ನೀರಿನಲ್ಲಿ ತಿರುಗುತ್ತಿದೆ. ನಿನಗೆ ಯಾರೋ ಮೋಸ ಮಾಡಿದ್ದಾರೆ.’

ಈ ಬಗೆಯ ಯಂತ್ರ ಬಟ್ಟೆಯನ್ನು ಎತ್ತಿ ಎತ್ತಿ ಕೆಡವುತ್ತದೆ, ಆ ಪೆಟ್ಟಿನಿಂದಲೇ ಕೊಳೆ ಬಿಡುತ್ತದೆ, ನೊರೆ ಹೆಚ್ಚಾದರೆ ಮೆತ್ತೆ ಹಾಸಿದಂತಾಗಿ ಪೆಟ್ಟೇ ಬೀಳುವುದಿಲ್ಲ, ಅದಕ್ಕಾಗಿಯೇ ಇದರ ಸೋಪಿಗೆ ನೊರೆ ಅಡಗಿಸುವ ಸಿಲಿಕೋನ್‌ನಂಥ ವಸ್ತು ಬೆರೆಸಿರುತ್ತಾರೆ ಎಂದು ನಾನು ಬಿಡಿಸಿ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಕೇಳಿಸಿಕೊಂಡರು ಎಂದರೆ ಒಪ್ಪಿದರು ಎಂದು ಯಾವ ಹೆಂಡತಿಯೂ ಭಾವಿಸಬಾರದು. ಫೋನು ಬಂದಿತೆಂದು ನಾನು ಒಳಗೆ ಹೋದೆ. ಹೋದದ್ದೇ ತಡ, ಸೋಪಿನ ಡ್ರಾಯರ್ ಎಳೆದು ಪಾತ್ರೆ ತೊಳೆಯುವ ದ್ರವವನ್ನು ಧಾರಾಳವಾಗಿ ಸುರಿದು, ‘ಒಳಗೆ ಇಳಿಯಲಿ’ ಎಂದು ಹಿಂದೆಯೇ ಒಂದು ಮಗ್ ನೀರನ್ನೂ ಹೊಯ್ದರು.

ಅವರ ಆಸೆ ತೀರಿತು. ಗಾಜಿನ ಹಿಂದೆ ಅಂಗಿ ಮಾಯ, ಟವಲು ಮಾಯ, ಬೆಳ್ಳಗಿನ ಗೋಡೆ. ‘ಬಂದು ನೋಡು!’ ಎಂದು ನನ್ನನ್ನು ಕರೆದ ದನಿಯಲ್ಲಿ ಎಂಥ ಹೆಮ್ಮೆ! ನಾನು ಬರುವಷ್ಟರಲ್ಲಿ ಡ್ರಾಯರ್ ತಾನಾಗಿ ಬಾಯಿ ತೆರೆದು ನೊರೆಯನ್ನು ಹೊರಗೆ ಕಳುಹಿಸತೊಡಗಿತ್ತು. ನಿಧಾನವಾಗಿ, ಯಾವ ಅವಸರವೂ ಇಲ್ಲದೆ. ಅವರು ಪೊರಕೆ ತಂದು ಹೊಡೆದರು. ನೊರೆಯನ್ನು ಹೊಡೆದರೆ ಅದರೊಳಗೆ ಗಾಳಿ ಸೇರಿ ಇನ್ನಷ್ಟಾಗುತ್ತದೆ, ಆಯಿತು. ನೀರು ಎರಚಿದರು. ನೆಲದ ಮೇಲಿದ್ದ ಸೋಪು ಆ ನೀರಿಗಾಗಿಯೇ ಕಾಯುತ್ತಿತ್ತು. ಒಂದು ಕೈಯಲ್ಲಿ ಪೊರಕೆ, ಇನ್ನೊಂದರಲ್ಲಿ ಮಗ್, ಮೊಣಕಾಲಿನವರೆಗೆ ಬಿಳುಪು, ಕನ್ನಡಕದ ಮೇಲೂ ಎರಡು ಗುಳ್ಳೆ. ಆ ಸ್ಥಿತಿಯಲ್ಲಿ ನನ್ನತ್ತ ತಿರುಗಿ ಅವರು ಕೇಳಿದ್ದು: ‘ಈ ಯಂತ್ರಕ್ಕೆ ಗ್ಯಾರಂಟಿ ಇದೆ ತಾನೇ?’

ಯಂತ್ರ ಎರಡು ಅಕ್ಷರ ಮಿನುಗಿಸಿ ನಿಂತುಬಿಟ್ಟಿತು. ಕೈಪಿಡಿಯಲ್ಲಿ ಅದರ ಅರ್ಥ ನೋಡಿದರೆ ‘ಸಡ್ಸ್’ ಹೆಚ್ಚಾಗಿದೆ ಎಂದಿತ್ತು. ನೊರೆ ಇಳಿಯುವವರೆಗೆ ಕಾಯುವುದನ್ನು ಬಿಟ್ಟು ಮಾಡಲು ಏನೂ ಇರಲಿಲ್ಲ. ಹೈಸ್ಕೂಲಿಗೆ ಹೋಗುವ ಮಗಳು ಬಾಗಿಲಲ್ಲೇ ನಿಂತು ಮೊಬೈಲಿನಲ್ಲಿ ನಿಘಂಟು ತೆರೆದಳು. ಈ ಪೀಳಿಗೆಗೆ ಮನೆ ಮುಳುಗಿದರೂ ಮೊದಲು ಪದದ ಅರ್ಥ ಬೇಕು.

‘ಅಮ್ಮಾ, ಸಡ್ಸ್ ಅಂದರೆ 16ನೆಯ ಶತಮಾನದಲ್ಲಿ ಕೆಸರು, ಗಸಿ ಎಂದು ಅರ್ಥವಂತೆ. ಸೋಪಿನ ನೀರು ಎನ್ನುವುದು ಆಮೇಲೆ ಬಂದದ್ದು. ಹಿಂದೆ ಯಾರಾದರೂ ಪೇಚಿಗೆ ಸಿಕ್ಕಿಕೊಂಡರೆ ಸಡ್ಸ್‌ನಲ್ಲಿ ಬಿದ್ದಿದ್ದಾನೆ ಎನ್ನುತ್ತಿದ್ದರಂತೆ.’

ಪೇಚಿಗೆ ಸಿಕ್ಕಿಕೊಂಡವರು ಪೊರಕೆ ಕೆಳಗಿಟ್ಟರು. ಮಗಳಿಗೆ ಹುರುಪು ಬಂದಿತು. ಪಕ್ಕದ ಪದ ಲ್ಯಾದರ್. ಏಣಿಯ ಲ್ಯಾಡರ್ ಅಲ್ಲ, ಚರ್ಮದ ಲೆದರ್ ಅಲ್ಲ, ಶಾಂಪೂ ಬಾಟಲಿಯ ಮಂತ್ರದಲ್ಲಿ ಮೊದಲಿಗೆ ಬರುವ ಲ್ಯಾದರ್. ಇದು ಬಹಳ ಹಳೆಯ ಪದ. ಹಳೆಯ ಇಂಗ್ಲಿಷಿನಲ್ಲಿ ನೊರೆಗೂ ಸಲ್ಲುತ್ತಿತ್ತು, ಒಗೆಯಲು ಬಳಸುವ ಸೋಡಾಕ್ಕೂ ಸಲ್ಲುತ್ತಿತ್ತು. ಅದರ ಬೇರು ‘ತೊಳೆ’ ಎಂಬ ಕ್ರಿಯೆ. ಲ್ಯಾಟಿನ್ನಿನ ದಾರಿ ಹಿಡಿದು ಬಂದ ಲಾಂಡ್ರಿಯೂ ಲ್ಯಾವೆಟರಿಯೂ ಅದೇ ಬೇರಿನವು. ಅಂದರೆ ಒಂದು ಕಾಲಕ್ಕೆ ಅದು ಕೊಳೆ ತೆಗೆಯುವ ವಸ್ತುವಿನ ಹೆಸರೂ ಆಗಿತ್ತು. ವಸ್ತು ಜಾರಿಹೋಗಿ ಗುಳ್ಳೆ ಮಾತ್ರ ಉಳಿದದ್ದು ಆಮೇಲೆ. ಆ ಅವನತಿಯಲ್ಲಿ ನಮ್ಮವರ ಪೂರ್ವಿಕರ ಕೈವಾಡ ಇದ್ದೀತು ಎಂದು ನನಗೆ ಗುಮಾನಿ.

‘ಇನ್ನೂ ಇದೆ’ ಎಂದಳು. 17ನೆಯ ಶತಮಾನದಲ್ಲಿ ಈ ಪದ ಕುದುರೆಯ ಮೈಮೇಲೆ ಏರಿತು. ಓಡಿ ಬಂದ ಕುದುರೆಯ ಕತ್ತಿನಲ್ಲಿ, ಜೀನು ಉಜ್ಜುವ ಕಡೆಯಲ್ಲಿ ಬೆಳ್ಳಗೆ ನೊರೆಗಟ್ಟುವ ಬೆವರು ಕೂಡ ಲ್ಯಾದರ್. ಕುದುರೆಯ ಬೆವರಿನಲ್ಲಿ ಸೋಪಿನಂತೆ ವರ್ತಿಸುವ ಪ್ರೋಟೀನೊಂದು ನಿಜವಾಗಿಯೂ ಇದೆ. ಅದಕ್ಕೆ ವಿಜ್ಞಾನಿಗಳು ಇಟ್ಟ ಹೆಸರು ಲ್ಯಾದರಿನ್. ಕೂದಲಿನ ಎಣ್ಣೆಪಸೆಯನ್ನು ದಾಟಿ ಬೆವರು ಮೈತುಂಬ ಹರಡಿ ಬೇಗ ಆರಲು ಅದು ನೆರವಾಗುತ್ತದೆ. ದುಡಿದ ಮೇಲೆ ನೊರೆ ಬರುವ ಪ್ರಾಣಿ ಅದು. ನಮ್ಮಲ್ಲಿ ನೊರೆ ಬಂದ ಮೇಲೆ ದುಡಿಮೆ ಶುರುವಾಗುತ್ತದೆ, ಅದೂ ಬೇರೆಯವರಿಗೆ. 19ನೆಯ ಶತಮಾನದ ಹೊತ್ತಿಗೆ ಕುದುರೆಯಿಂದ ಇಳಿದು ಪದ ಮನುಷ್ಯರಿಗೆ ಬಂದಿತು. ಸಿಟ್ಟಿನಿಂದಲೋ ಗಾಬರಿಯಿಂದಲೋ ಮೈಬಿಸಿ ಏರಿಸಿಕೊಂಡವರು ಲ್ಯಾದರ್‌ನಲ್ಲಿದ್ದಾರೆ ಎನ್ನುವುದು ವಾಡಿಕೆ. ಕ್ರಿಯಾಪದವಾಗಿ ಇನ್ನೊಂದು ಅರ್ಥವೂ ಉಂಟು: ಚೆನ್ನಾಗಿ ಬಾರಿಸುವುದು.

ಮಗಳು ಮೊಬೈಲು ಕೆಳಗಿಳಿಸಿ ಲೆಕ್ಕ ಒಪ್ಪಿಸಿದಳು. ‘ಮೊದಲನೆಯ ಅರ್ಥ ನೆಲದ ಮೇಲಿದೆ. ಎರಡನೆಯದು ಅಪ್ಪನ ಹಣೆಯ ಮೇಲಿದೆ. ಮೂರನೆಯದು ನೀನು. ನಾಲ್ಕನೆಯದು ಬಾಕಿ ಇದೆ.’

‘ಬಾಕಿ ಇರಲಿ’ ಎಂದರು ಅವರು, ಒಂದು ಹೆಜ್ಜೆ ಹಿಂದೆ ಸರಿದು.

ಕೊನೆಗೆ ನೊರೆಯನ್ನು ಅಡಗಿಸಿದ್ದು ಬಟ್ಟೆ ಮೃದುವಾಗಲು ಹಾಕುವ ಕಂಡಿಷನರ್. ಸೋಪಿನ ದ್ರವದ ಕಣಗಳದ್ದು ಋಣ ವಿದ್ಯುದಂಶ, ಇದರದ್ದು ಧನ. ಒಂದಕ್ಕೊಂದು ಅಂಟಿಕೊಂಡು ಎರಡೂ ತಣ್ಣಗಾದವು. ಆಮೇಲೆ ಅದೇ ಬಟ್ಟೆಯನ್ನು ಬರೀ ನೀರಿನಲ್ಲಿ ಮತ್ತೆ ಮತ್ತೆ ಜಾಲಿಸಿದ್ದು ಯಾರು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಜಾಲಿಸುವಾಗ ಆಗ್ನೆಸ್ ಪಾಕೆಲ್ಸ್ ನೆನಪಾದಳು. 1862ರಲ್ಲಿ ಹುಟ್ಟಿದ ಜರ್ಮನ್ ಹೆಣ್ಣುಮಗಳು. ವಿಜ್ಞಾನದ ಹುಚ್ಚು, ಆದರೆ ಆಗ ಅಲ್ಲಿಯ ವಿಶ್ವವಿದ್ಯಾಲಯಗಳ ಬಾಗಿಲು ಹೆಂಗಸರಿಗೆ ತೆರೆದಿರಲಿಲ್ಲ. ತಮ್ಮ ಓದಿ ಭೌತವಿಜ್ಞಾನಿಯಾದ. ಅವಳು ಮನೆಯಲ್ಲಿ ಕಾಯಿಲೆಯ ತಂದೆತಾಯಿಯರನ್ನು ನೋಡಿಕೊಂಡು, ಅಡುಗೆಮನೆಯಲ್ಲಿ ನೀರಿನ ಮೇಲ್ಮೈಯನ್ನು ಗಮನಿಸುತ್ತ ಉಳಿದಳು. ಜಿಡ್ಡು, ಸೋಪು ಸೋಕಿದರೆ ನೀರಿನ ಮೇಲ್ಮೈ ಎಳೆತ ಹೇಗೆ ಬದಲಾಗುತ್ತದೆ ಎಂದು ಅಳೆಯಲು ಒಂದು ತೊಟ್ಟಿಯನ್ನು ತಾನೇ ರೂಪಿಸಿದಳು. 1891ರಲ್ಲಿ ಧೈರ್ಯ ಮಾಡಿ ಇಂಗ್ಲೆಂಡಿನ ಹೆಸರಾಂತ ಭೌತವಿಜ್ಞಾನಿ ಲಾರ್ಡ್ ರೇಲಿಗೆ ಪತ್ರ ಬರೆದಳು. ಆ ಮನುಷ್ಯ ಅದನ್ನು ಓದಿ, ಅನುವಾದ ಮಾಡಿಸಿ, ‘ನೇಚರ್’ ಪತ್ರಿಕೆಗೆ ಕಳುಹಿಸಿಕೊಟ್ಟ. ಅದೇ ವರ್ಷ ಅಚ್ಚಾಯಿತು. ಗೌರವ ಡಾಕ್ಟರೇಟ್ ಬಂದಿದ್ದು 1932ರಲ್ಲಿ, ಅವಳಿಗೆ 70 ತುಂಬುವ ವರ್ಷ. ಸಿಂಕಿನ ಮುಂದೆ ನಿಂತಾಗ ನನಗೂ ಎಷ್ಟೋ ಸಂಗತಿಗಳು ಹೊಳೆದಿವೆ. ನೀರು ಇಂಗುವ ಹೊತ್ತಿಗೆ ಅವೂ ಹೋಗಿರುತ್ತವೆ. ಬರೆದಿಟ್ಟುಕೊಳ್ಳೋಣವೆಂದರೆ ಕೈ ಯಾವಾಗಲೂ ಒದ್ದೆ.

ಯಂತ್ರವೀಗ ಸರಿಯಾಗಿದೆ. ಅದರ ಗಾಜಿನ ಬಾಗಿಲಿಗೆ ಒಳಗಿನದು ಕಾಣದ ಹಾಗೆ ನಾನು ಕ್ಯಾಲೆಂಡರ್ ಹಾಳೆ ಅಂಟಿಸಿದ್ದೇನೆ. ನಮ್ಮವರು ಸುಮ್ಮನಿದ್ದಾರೆ, ಏಕೆಂದರೆ ಅವರಿಗೆ ಹೊಸ ದೈವ ಸಿಕ್ಕಿದೆ: ತಲೆ ಒತ್ತಿದರೆ ನೇರವಾಗಿ ನೊರೆಯೇ ಬರುವ ಕೈತೊಳೆಯುವ ಬಾಟಲಿ. ಒಳಗಿರುವುದು ತೆಳ್ಳಗಿನ ಸೋಪಿನ ನೀರು. ಪಂಪು ಅದಕ್ಕೆ ಗಾಳಿ ಬೆರೆಸಿ ಜಾಲರಿಯ ಮೂಲಕ ತಳ್ಳುತ್ತದೆ. ಅಂಗೈಗೆ ಬೀಳುವುದರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಗಾಳಿಯೇ. ‘ನೋಡು, ಒಂದು ಸಲ ಒತ್ತಿದ್ದಕ್ಕೆ ಎಷ್ಟು ಬಂತು!’ ಎಂದು ಅಂಗೈ ಚಾಚಿ ತೋರಿಸಿದರು. ಗಾಳಿ ಎಂದು ಹೇಳಲು ಬಾಯಿ ತೆರೆದವಳು ಮುಚ್ಚಿಕೊಂಡೆ. ಅದು ಬಂದ ಮೇಲೆ ನನ್ನ ಪಾತ್ರೆಯ ಸೋಪು ಮಟ್ಟ ಇಳಿಯದೆ ನಿಂತಿದೆ. ಸಾಮಾನಿನ ಪಟ್ಟಿಯಲ್ಲಿ ಇನ್ನೆರಡು ಬಾಟಲಿ ಬರೆದಿಟ್ಟಿದ್ದೇನೆ.