ಕ್ಯಾರಿ ಗ್ರಾಂಟ್‌ರನ್ನು ಯಾರೂ ಕೈಬಿಟ್ಟಿರಲಿಲ್ಲ

1953ರ ಹಾಲಿವುಡ್ ಸಿನಿಮಾ 'ರೋಮನ್ ಹಾಲಿಡೇ'ಗೆ ಬೇರೆ ಜೋಡಿ ಇದ್ದಿದ್ದರೆ ಅನ್ನುವ ಮಾತು ಬಂದಾಗಲೆಲ್ಲ ಎರಡು ಸುದ್ದಿ ಓಡಾಡುತ್ತವೆ. ಕ್ಯಾರಿ ಗ್ರಾಂಟ್‌ರನ್ನು ಕೈಬಿಟ್ಟು ಗ್ರೆಗರಿ ಪೆಕ್‌ರನ್ನು ಹಾಕಿಕೊಂಡರಂತೆ. ಆಡ್ರೆ ಹೆಪ್‌ಬರ್ನ್‌ಗೆ ಅದೇ ಮೊದಲ ಸಿನಿಮಾವಂತೆ. ಎರಡೂ ತಪ್ಪು.

ಪಾತ್ರ ಮೊದಲು ಗ್ರಾಂಟ್ ಬಳಿ ಹೋಗಿದ್ದು ನಿಜ. ಬೇಡ ಅಂದಿದ್ದು ಅವರೇ. ಅವರು ಹುಟ್ಟಿದ್ದು 1904ರಲ್ಲಿ, ಹೆಪ್‌ಬರ್ನ್ 1929ರಲ್ಲಿ. 25 ವರ್ಷ ಜಾಸ್ತಿಯೇ ಆಯ್ತು, ಅಲ್ವಾ? 1963ರ 'ಷರಾಡ್'ನಲ್ಲಿ ಇಬ್ಬರೂ ಜೊತೆಯಾದಾಗಲೂ ಗ್ರಾಂಟ್‌ಗೆ ಇದೇ ಅಳುಕು. ಅದಕ್ಕೇ ಅಲ್ಲಿ ನಾಯಕಿಯೇ ಹಿಂದೆ ಬೀಳುತ್ತಾಳೆ, ನಾಯಕ ಜಾರಿಕೊಳ್ಳುತ್ತಾನೆ.

ಇನ್ನು ಹೆಪ್‌ಬರ್ನ್. ಅದಕ್ಕೂ ಮೊದಲೇ ಬ್ರಿಟಿಷ್ ಸಿನಿಮಾಗಳಲ್ಲಿ ಸಣ್ಣಪುಟ್ಟ ಪಾತ್ರ ಮಾಡಿದ್ದರು. 1951ರ 'ದಿ ಲ್ಯಾವೆಂಡರ್ ಹಿಲ್ ಮಾಬ್'ನಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಬಂದು ಹೋಗುತ್ತಾರೆ. 'ರೋಮನ್ ಹಾಲಿಡೇ' ಹಾಲಿವುಡ್‌ನಲ್ಲಿ ಅವರ ಮೊದಲ ನಾಯಕಿ ಪಾತ್ರ, ಅಷ್ಟೇ. ಆಸ್ಕರ್ ಬಂದಿದ್ದೂ ಅದಕ್ಕೇ. ಹೊಸಬಳ ಹೆಸರೂ ತನ್ನ ಹೆಸರಿನ ಜೊತೆಗೇ ದೊಡ್ಡದಾಗಿ ಬರಲಿ ಎಂದು ಹಟ ಹಿಡಿದವರು ಪೆಕ್.

ಸುಮ್ನೆ ಊಹಿಸಿಕೊಂಡರೆ, ಸುಳ್ಳು ಹೇಳಿದವರ ಕೈ ಕಚ್ಚುತ್ತದಂತೆ ಅನ್ನುವ ಕಲ್ಲಿನ ಮುಖ 'ಸತ್ಯದ ಬಾಯಿ'ಯ ದೃಶ್ಯದಲ್ಲಿ ಗ್ರಾಂಟ್ ಇನ್ನೂ ನಗಿಸುತ್ತಿದ್ದರೋ ಏನೋ. ಕೊನೆಯಲ್ಲಿ ಖಾಲಿ ಹಜಾರದಿಂದ ಒಂಟಿಯಾಗಿ ನಡೆದು ಬರುವುದು ಮಾತ್ರ ನನಗೆ ಪೆಕ್ ಅವರದ್ದೇ.