ಕುದುರೆಯ ಮೇಲೆ ಕೂತು ನೂಲು

ನಮ್ಮ ಅಜ್ಜಿಯ ಈಳಿಗೆಮಣೆಗೆ ಯಾವ ಅಲಂಕಾರವೂ ಇರಲಿಲ್ಲ. ಕೂತು ಕೂತು ನುಣುಪಾಗಿತ್ತು, ಅಷ್ಟೇ. ಕೂರುವ ಮಣೆಗೆ ಯಾರಾದರೂ ಚಿತ್ರ ಬರೆಯುತ್ತಾರಾ?

ಬರೆಯುತ್ತಾರೆ. ರಷ್ಯಾದ ವೋಲ್ಗಾ ನದಿಯ ಎಡದಂಡೆಯಲ್ಲಿ ಗೊರೊದೆತ್ಸ್ ಅಂತ ಒಂದು ಪುಟ್ಟ ಊರಿದೆ. ಅದರ ಸುತ್ತಲ ಹಳ್ಳಿಗಳಲ್ಲಿ ಹೆಂಗಸರು ನೂಲುವಾಗ ಕೂರುತ್ತಿದ್ದ ಹಲಗೆಗೆ ದೊಂತ್ಸೆ ಅಂತ ಹೆಸರು. ಥೇಟ್ ಈಳಿಗೆಮಣೆಯೇ! ಅಲಗಿನ ಜಾಗದಲ್ಲಿ ಒಂದು ಮರದ ಬಾಚಣಿಗೆ, ಅದಕ್ಕೆ ಸಿಕ್ಕಿಸಿದ ನಾರು. ನೂಲುವುದು ಮುಗಿದರೆ ಬಾಚಣಿಗೆ ಕಿತ್ತಿಟ್ಟು ಹಲಗೆಯನ್ನು ಗೋಡೆಗೆ ತೂಗುಹಾಕುತ್ತಿದ್ದರು. ಅಲ್ಲಿಯವರೆಗೆ ಅದರ ಮೇಲೆ ಬರೆದ ಸೀರಿಯಸ್ಸಾದ ಕರಿ ಕುದುರೆಗಳು, ಗುಲಾಬಿಗಳು, ಸಮೋವಾರ್ ಎಂಬ ನೀರು ಕಾಯಿಸುವ ಪಾತ್ರೆಯ ಮುಂದೆ ಚಹಾ ಕುಡಿಯುವ ದೊಡ್ಡಮನುಷ್ಯರು ಎಲ್ಲರೂ ಯಜಮಾನಿಯ ಕೆಳಗೇ!

ಮೊದಮೊದಲು ಬಣ್ಣ ಇರಲಿಲ್ಲ. ಬಹಳ ಕಾಲ ನೀರಲ್ಲಿ ಮುಳುಗಿ ಕಪ್ಪಾದ ಓಕ್ ಮರದ ತುಂಡುಗಳನ್ನು ತಿಳಿಬಣ್ಣದ ಹಲಗೆಯಲ್ಲಿ ಕೂರಿಸುತ್ತಿದ್ದರು. ಅದು ತಾಳ್ಮೆಯ ಕೆಲಸ. 19ನೇ ಶತಮಾನದಲ್ಲಿ ಕುಂಚ ಬಂತು, ಕೆಲಸ ಬೇಗ ಸಾಗಿತು. ಕುದುರೆ ಮಾತ್ರ ಕಪ್ಪಾಗಿಯೇ ಉಳಿಯಿತು. ಹಳೇ ಓಕಿನ ನೆನಪಿಗಿರಬೇಕು ಅಂತ ನನ್ನ ಅನುಮಾನ. ಗುಲಾಬಿಗೆ ಮೊದಲು ಒಂದು ಬಣ್ಣದ ಉಂಡೆ, ಆಮೇಲೆ ಕಡುಬಣ್ಣದ ಎಸಳು, ಕೊನೆಗೆ ಬಿಳಿ ಚುಕ್ಕಿ, ಬಿಳಿ ಗೆರೆ. ಆ ಕೊನೇ ಬಿಳಿಗೆ ಓಝಿವ್ಕಾ ಅಂತಾರೆ, ಅಂದರೆ ಜೀವ ಬರಿಸುವುದು.

ಊರಿಗೂ ಒಂದು ಇತಿಹಾಸ ಇದೆ, ಸುಮ್ನೆ ಹೇಳಿಬಿಡುತ್ತೇನೆ. 1152ರಲ್ಲಿ ಯೂರಿ ದೊಲ್ಗೊರೂಕಿ ಎಂಬ ಅರಸ ಕಟ್ಟಿಸಿದ ಅಂತಾರೆ. 1238ರಲ್ಲಿ ಮಂಗೋಲರ ಬಾತು ಖಾನನ ಸೇನೆ ಸುಟ್ಟಿತು. 1263ರಲ್ಲಿ ರಷ್ಯಾದ ಅರಸ ಅಲೆಕ್ಸಾಂದರ್ ನೆವ್ಸ್ಕಿ ಮಂಗೋಲರ ಕಡೆಯಿಂದ ಮರಳುತ್ತಾ ಇಲ್ಲೇ ಪ್ರಾಣ ಬಿಟ್ಟ. 15ನೇ ಶತಮಾನದಲ್ಲಿ ತ್ವೇರ್ ಊರಿನಿಂದ ವೋಲ್ಗಾ ಇಳಿದು ನಮ್ಮ ಬೀದರಿನ ತನಕ ಬಂದ ವ್ಯಾಪಾರಿ ಅಫನಾಸಿ ನಿಕಿತಿನ್‌ನ ದೋಣಿಯೂ ಈ ದಂಡೆ ದಾಟಿಯೇ ಹೋಗಿರಬೇಕು.

ನನಗೆ ಅರಸರಿಗಿಂತ ಬಡಗಿಗಳೇ ಜಾಸ್ತಿ ಇಷ್ಟ. ವೋಲ್ಗಾದ ಮರದ ದೋಣಿಗಳಿಗೆ ಕೆತ್ತನೆ ಮಾಡುತ್ತಿದ್ದವರಿಗೆ ಸ್ಟೀಮರ್ ಬಂದು ಕೆಲಸ ತಪ್ಪಿತು. ಅವರು ಉಳಿಯನ್ನು ಮನೆಗಳ ಕಡೆ ತಿರುಗಿಸಿದರು. ಇವತ್ತಿಗೂ ಅಲ್ಲಿನ ಹಳೇ ಮನೆಗಳ ಮೇಲೆ ಮತ್ಸ್ಯಕನ್ಯೆಯರು, ಸಿಂಹಗಳು ಇವೆ. ಸಿಂಹ ಅಂದರೆ ಹಾಲು ಕದ್ದು ಸಿಕ್ಕಿಬಿದ್ದ ಬೆಕ್ಕಿನ ಹಾಗೆ ನಗುತ್ತಿರುತ್ತದೆ. ಪ್ರ್ಯಾನಿಕ್ ಎಂಬ ಜೇನಿನ ಸಿಹಿಯನ್ನೂ ಕೆತ್ತಿದ ಮರದ ಅಚ್ಚಿನಲ್ಲೇ ಒತ್ತುತ್ತಿದ್ದರು. ನಮ್ಮ ಸಂಕ್ರಾಂತಿಯ ಸಕ್ಕರೆ ಅಚ್ಚು ನೆನಪಾಗುತ್ತೆ ಅಲ್ವಾ?

ಮಿಲ್ಲಿನ ಬಟ್ಟೆ ಬಂತು, ನೂಲುವುದು ನಿಂತಿತು, ದೊಂತ್ಸೆ ಮ್ಯೂಸಿಯಂ ಸೇರಿತು. ಚಿತ್ರ ಮಾತ್ರ ಅಡುಗೆಮನೆಯ ಹಲಗೆಗೆ, ಪೆಟ್ಟಿಗೆಗೆ, ಮಕ್ಕಳ ಕುರ್ಚಿಗೆ ಹತ್ತಿತು. ಆ ಕರಿ ಕುದುರೆಯ ಮೇಲೆ ಈಗಲೂ ಯಾರೋ ಒಬ್ಬರು ಕೂರುತ್ತಲೇ ಇದ್ದಾರೆ.