ನೋಡದ ಪಂದ್ಯದ ಅಭಿಮಾನಿಗಳು

ತೀರ್ಥಹಳ್ಳಿಯ ನಮ್ಮ ಮನೆಯ ಅಟ್ಟದಲ್ಲಿ ಚಿಕ್ಕಪ್ಪನ ಕಬ್ಬಿಣದ ಟ್ರಂಕೊಂದಿದೆ. ಅದರ ಮುಚ್ಚಳದ ಒಳಮೈಗೆ ಮೈದಾ ಅಂಟಿನಲ್ಲಿ ಅಂಟಿಸಿದ ಅಮೆರಿಕದ ಬಾಕ್ಸರ್ ಮಹಮ್ಮದ್ ಅಲಿಯ ಚಿತ್ರ ಹಳದಿಗಟ್ಟಿದೆ, ಒಂದು ಮೂಲೆಯನ್ನು ಜಿರಳೆ ತಿಂದಿದೆ. ಅಲಿ ಮತ್ತು ಅವನ ಎದುರಾಳಿ ಜೋ ಫ್ರೇಜಿಯರ್ ನಡುವೆ ನಡೆದ ಮೂರು ಪಂದ್ಯಗಳ ಬಗ್ಗೆ ಚಿಕ್ಕಪ್ಪ ಇಂದಿಗೂ ಊಟ ಮರೆತು ಮಾತನಾಡಬಲ್ಲರು. ಆದರೆ ಆ ಪಂದ್ಯಗಳ ಒಂದು ಸುತ್ತನ್ನಾದರೂ ಅವರು ಆ ಕಾಲದಲ್ಲಿ ಕಣ್ಣಾರೆ ಕಂಡವರಲ್ಲ. 1971ರಲ್ಲಿ ನಮ್ಮ ರಾಜ್ಯಕ್ಕೆ ಟೀವಿಯೇ ಬಂದಿರಲಿಲ್ಲ. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರೂ ಇನ್ನೂ ಬಂದಿರಲಿಲ್ಲ ಎನ್ನಿ. ತಡವಾಗಿ ಊರು ಸೇರುತ್ತಿದ್ದ ಪತ್ರಿಕೆ ಮತ್ತು ಗೊರಗೊರ ಎನ್ನುತ್ತಿದ್ದ ರೇಡಿಯೊ, ಇವೆರಡರಿಂದಲೇ ಅವರು ಅಲಿಯ ಅಭಿಮಾನಿಯಾದರು. ಅವರಿಂದ ನಾನಾದೆ.

ಪ್ರತಿವರ್ಷ ಜೂನ್ 3ರಂದು, ಅಲಿ ತೀರಿಕೊಂಡ ದಿನ, ಅವನ ಮಾತುಗಳೇ ಎಲ್ಲೆಡೆ ಹರಿದಾಡುವುದನ್ನು ಕಂಡಾಗ ನನಗೆ ಅನ್ನಿಸುವುದಿಷ್ಟು: ದೂರದ ನಾವು ಪ್ರೀತಿಸಿದ್ದು ಅಲಿಯ ಬಾಕ್ಸಿಂಗನ್ನಲ್ಲ, ಅಲಿಯ ಬಾಯನ್ನು. ಮಾತು ಅಚ್ಚಾಗಿ ಎಲ್ಲಿಗೆ ಬೇಕಾದರೂ ತಲುಪುತ್ತದೆ. ಮೊಣಕೈ ಬಗ್ಗಿಸಿ ಪಕ್ಕದಿಂದ ಬೀಸುವ ಎಡಗೈ ಏಟು, ಎಡಗೈ ಹುಕ್, ಹಾಗೆ ತಲುಪುವುದಿಲ್ಲ, ಅದನ್ನು ನೋಡಲೇಬೇಕು. ಫ್ರೇಜಿಯರ್‌ಗೆ ಇದ್ದದ್ದು ಆ ಎಡಗೈ ಮಾತ್ರ.

ಆ ಕೈಯ ಕಥೆಯನ್ನೇ ನೋಡಿ. ದಕ್ಷಿಣ ಕೆರೊಲಿನಾದ ಬ್ಯೂಫೋರ್ಟ್ ಸೀಮೆಯ ಬಡ ಕಪ್ಪು ರೈತ ಕುಟುಂಬದಲ್ಲಿ ಹುಟ್ಟಿದ ಫ್ರೇಜಿಯರ್, ಬಾಲ್ಯದಲ್ಲಿ ಅಟ್ಟಿಸಿಕೊಂಡು ಬಂದ ಹಂದಿಯಿಂದ ತಪ್ಪಿಸಿಕೊಳ್ಳಲು ಓಡುವಾಗ ಬಿದ್ದು ಎಡಗೈ ಮುರಿದುಕೊಂಡ. ಚಿಕಿತ್ಸೆ ಸಿಗಲಿಲ್ಲ. ಮೊಣಕೈ ಬಾಗಿದಂತೆಯೇ ಕೂಡಿಕೊಂಡು ಮತ್ತೆಂದೂ ಪೂರ್ತಿ ನೆಟ್ಟಗಾಗಲಿಲ್ಲ. ಮುಂದೆ ಫಿಲಡೆಲ್ಫಿಯಾದ ಕಸಾಯಿಖಾನೆಯಲ್ಲಿ ದುಡಿಯುತ್ತಲೇ ಬಾಕ್ಸಿಂಗ್ ಕಲಿತು 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದವನ ಆಯುಧ ಆ ಬಾಗಿದ ಕೈಯೇ ಆಯಿತು.

ವಿಯೆಟ್ನಾಂ ಯುದ್ಧಕ್ಕಾಗಿ ಸೇನೆ ಸೇರಲು ಒಪ್ಪದ ಅಲಿಯಿಂದ 1967ರಲ್ಲಿ ವಿಶ್ವ ಚಾಂಪಿಯನ್ ಪಟ್ಟವನ್ನೂ ಬಾಕ್ಸಿಂಗ್ ಪರವಾನಗಿಯನ್ನೂ ಕಿತ್ತುಕೊಂಡಾಗ, ಅವನಿಗೆ ಹಣದ ನೆರವು ನೀಡಿ, ಪರವಾನಗಿ ಮರಳಿ ಸಿಗಲೆಂದು ಅವನ ಪರವಾಗಿ ಮಾತನಾಡಿದವರಲ್ಲಿ ಫ್ರೇಜಿಯರ್ ಒಬ್ಬ. ಪಂದ್ಯ ನಿಗದಿಯಾದ ಮೇಲೆ ಅದೇ ಅಲಿ ಅವನನ್ನು 'ಅಂಕಲ್ ಟಾಮ್' ಎಂದು, ಅಂದರೆ ಬಿಳಿಯರ ಮುಂದೆ ಕೈಕಟ್ಟಿ ನಿಲ್ಲುವ ಕರಿಯನೆಂದು, ಊರೆಲ್ಲ ಸಾರಿದ. ಯುದ್ಧವಿರೋಧಿಗಳೆಲ್ಲ ಅಲಿಯ ಬೆನ್ನಿಗೆ ನಿಂತರು. ಅಲಿಯನ್ನು ದ್ವೇಷಿಸುತ್ತಿದ್ದ ಬಿಳಿಯರು ಫ್ರೇಜಿಯರ್ ಕೇಳದಿದ್ದರೂ ಅವನನ್ನು ತಮ್ಮವನೆಂದು ಎತ್ತಿಕೊಂಡರು.

1971ರ ಮಾರ್ಚ್ 8ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಅವರಿಬ್ಬರೂ ಸೋಲನ್ನೇ ಕಾಣದವರಾಗಿ ಎದುರಾದರು, ತಲಾ 25 ಲಕ್ಷ ಡಾಲರ್ ಸಂಭಾವನೆಗೆ. ಹದಿನೈದನೆಯ ಸುತ್ತಿನ ಆ ಕ್ಷಣವನ್ನು ನಾನು ಎಷ್ಟು ಬಾರಿ ನೋಡಿದ್ದೇನೋ ಲೆಕ್ಕವಿಲ್ಲ. ಹಸಿರು ಚಡ್ಡಿಯ ಕುಳ್ಳನೆಯ ಮನುಷ್ಯ ಕುಗ್ಗಿ, ನೆಲದಿಂದಲೇ ಎತ್ತಿ ತಂದಂತೆ ಎಡಗೈ ಬೀಸುತ್ತಾನೆ. ದವಡೆಗೆ ಬಿದ್ದ ಏಟಿಗೆ ಅಲಿ ಅಂಗಾತ ಉರುಳುತ್ತಾನೆ. ಕಾಲುಗಳು ಮೇಲೇಳುವಾಗ ಅವನ ಬಿಳಿ ಬೂಟಿನ ಕೆಂಪು ಕುಚ್ಚುಗಳು ಗಾಳಿಗೆ ಹಾರುತ್ತವೆ. ಅಲಿ ತಕ್ಷಣ ಎದ್ದು ನಿಂತದ್ದು ನಿಜ, ಅಭಿಮಾನಿಗಳು ನೆನೆಯುವುದೂ ಆ ಎದ್ದು ನಿಂತದ್ದನ್ನೇ. ರೆಫರಿ ಮತ್ತು ಇಬ್ಬರು ತೀರ್ಪುಗಾರರು ಮೂವರೂ ಫ್ರೇಜಿಯರ್ ಗೆದ್ದನೆಂದದ್ದು ನಮ್ಮ ಮನೆಯ ಮಾತಿನಲ್ಲಿ ಎಂದೂ ಬರುತ್ತಿರಲಿಲ್ಲ. "ಅಲಿ ಬಿದ್ದದ್ದಲ್ಲ ಮಾರಾಯ, ಜಾರಿದ್ದು" ಎಂಬುದು ಚಿಕ್ಕಪ್ಪನ ಅಂತಿಮ ತೀರ್ಪಾಗಿತ್ತು.

1974ರ ಎರಡನೆಯ ಪಂದ್ಯ ಅಲಿ ಗೆದ್ದದ್ದು, ಅದರ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. 1975ರ ಅಕ್ಟೋಬರ್ 1ರ ಮನಿಲಾ ಪಂದ್ಯದ್ದು ಬೇರೆಯೇ ಮಾತು. ಅದಕ್ಕೆ ಮುನ್ನ ಅಲಿ ಪತ್ರಕರ್ತರ ಎದುರು ಜೇಬಿನಿಂದ ಪುಟ್ಟ ರಬ್ಬರ್ ಗೊರಿಲ್ಲಾ ತೆಗೆದು ಗುದ್ದುತ್ತ, ಥ್ರಿಲ್ಲಾ, ಗೊರಿಲ್ಲಾ, ಮನಿಲಾ ಎಂದು ಪ್ರಾಸ ಕಟ್ಟಿದ. ಆ ಪ್ರಾಸವನ್ನು ನಾವು ಮಕ್ಕಳು ಅಂಗಳದಲ್ಲಿ ಕುಣಿಯುತ್ತ ಹೇಳಿದ್ದೇವೆ. ಒಬ್ಬ ಕಪ್ಪು ಮನುಷ್ಯ ಇನ್ನೊಬ್ಬ ಕಪ್ಪು ಮನುಷ್ಯನನ್ನು ಗೊರಿಲ್ಲಾ ಎಂದು ಕರೆದಾಗ ಯಾರು ಯಾರು ನಕ್ಕಿರಬಹುದು ಎಂಬ ಯೋಚನೆ ನನಗೆ ಬಂದದ್ದು ನಲವತ್ತು ದಾಟಿದ ಮೇಲೆ. ಬಣ್ಣದ ಮೇಲೆ ಅಡ್ಡಹೆಸರಿಡುವುದು ನಮ್ಮ ಕೇರಿಗಳಲ್ಲೂ ತಮಾಷೆಯೇ ತಾನೆ?

ಬೆಳಗಿನ ಹೊತ್ತೇ ಕುದಿಯುವ ಸೆಕೆಯಲ್ಲಿ ನಡೆದ ಆ ಪಂದ್ಯದಲ್ಲಿ ಫ್ರೇಜಿಯರ್‌ನ ಬಲಗಣ್ಣು ಊದಿ ಮುಚ್ಚಿಹೋಯಿತು. ಎಡಗಣ್ಣಿನ ದೃಷ್ಟಿ ಮೊದಲೇ ಮಂದವಾಗಿದ್ದುದರಿಂದ ಎದುರಿನಿಂದ ಬರುವ ಏಟು ಅವನಿಗೆ ಕಾಣಿಸುತ್ತಲೇ ಇರಲಿಲ್ಲ. ಹದಿನಾಲ್ಕನೆಯ ಸುತ್ತು ಮುಗಿದಾಗ ತರಬೇತುದಾರ ಎಡ್ಡಿ ಫಚ್ ಸಾಕೆಂದರು. ಬೇಡವೆಂದು ಫ್ರೇಜಿಯರ್ ಗೋಗರೆದರೂ ಅವರು ಕೇಳಲಿಲ್ಲ. ರಿಂಗ್‌ನಲ್ಲಿ ಬಾಕ್ಸರ್‌ಗಳು ಸತ್ತದ್ದನ್ನು ಅವರು ಕಂಡಿದ್ದರು. ಗೆದ್ದ ಅಲಿಯೂ ನಿಲ್ಲಲಾರದೆ ಕುಸಿದ, ಸಾವಿಗೆ ತೀರಾ ಹತ್ತಿರದ ಅನುಭವ ಅದೆಂದು ತಾನೇ ಹೇಳಿಕೊಂಡ. ನನ್ನ ಪ್ರಕಾರ ಫಚ್ ಮಾಡಿದ್ದು ಸರಿ. ಇನ್ನೊಂದು ಸುತ್ತು ನಡೆದಿದ್ದರೆ ಅಲಿ ಸೋಲುತ್ತಿದ್ದ ಎನ್ನುವವರ ವಾದ ಮಾತ್ರ ನನಗೆ ಒಪ್ಪಿಗೆಯಿಲ್ಲ. ಅಂಕಗಳಲ್ಲಿ ಅಲಿ ಮುಂದಿದ್ದ.

ಫ್ರೇಜಿಯರ್ ಆ ಅವಮಾನವನ್ನು ಬಹುಕಾಲ ಮರೆಯಲಿಲ್ಲ. 2001ರಲ್ಲಿ ಅಲಿ ಪತ್ರಿಕೆಯೊಂದರ ಮೂಲಕ ಕ್ಷಮೆ ಕೇಳಿದ. ಬೈದದ್ದು ಎದುರಿಗೆ, ಕ್ಷಮೆ ಪತ್ರಿಕೆಯಲ್ಲಿ. ಫಿಲಡೆಲ್ಫಿಯಾ ನಗರವಂತೂ ಸಿನಿಮಾದ ಕಾಲ್ಪನಿಕ ಬಾಕ್ಸರ್‌ನ ಪ್ರತಿಮೆಯನ್ನು ಎಷ್ಟೋ ವರ್ಷ ಮೊದಲೇ ಕಂಡಿತ್ತು. ತನ್ನಲ್ಲೇ ಬದುಕಿದ ನಿಜವಾದ ಚಾಂಪಿಯನ್‌ನ ಪ್ರತಿಮೆ ಅಲ್ಲಿ ನಿಂತದ್ದು 2015ರಲ್ಲಿ, ಅವನು ಸತ್ತು ನಾಲ್ಕು ವರ್ಷಗಳ ನಂತರ.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಆ ಹದಿನೈದನೆಯ ಸುತ್ತನ್ನು ಚಿಕ್ಕಪ್ಪನಿಗೆ ಮೊಬೈಲಿನಲ್ಲಿ ತೋರಿಸಿದೆ. ಕನ್ನಡಕ ಒರೆಸಿಕೊಂಡು ನೋಡಿದರು. "ಹಿಂದಕ್ಕೆ ಮಾಡು" ಎಂದರು. ಮತ್ತೆ ನೋಡಿದರು. ಮೂರನೆಯ ಬಾರಿ ಪರದೆಯ ಮೇಲೆ ತಾವೇ ಬೆರಳಿಟ್ಟು, "ಇವನ ಕೈ ಸೊಟ್ಟಗಿದೆಯಲ್ಲೋ" ಎಂದರು. ಹಂದಿಯ ಕಥೆ ಹೇಳಿದೆ. ಎಲೆಯಡಿಕೆ ಮೆಲ್ಲುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದು, "ಜಾರಿದ್ದಲ್ಲ ಬಿಡು" ಎಂದವರು, ಮನಿಲಾದ್ದು ಇದ್ದರೆ ಹಾಕು ಎಂದು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು.